ಹಾಲಸಿದ್ದಪ್ಪ ಅಗೆದ ಪಟ್ಟಿ

ಸವಡಿಯ ಕನಕಪ್ಪನಿಗೆ ಈ ಭೂಮಿಯ ಮೇಲೆ ಇದ್ದದ್ದು ಒಂದೇ ವೈರಿ, ಕರಿಕೆ ಹುಲ್ಲು. ಗಣಪತಿಯ ತಲೆಯ ಮೇಲೆ ಏರಿದಾಗ ಮಾತ್ರ ಅದಕ್ಕೆ ಕೈಮುಗಿಯುತ್ತಿದ್ದ. ಅಲ್ಲಿಂದ ಕೆಳಗಿಳಿಯಿತೋ, ಬೇರುಸಹಿತ ಕಿತ್ತು ಬಿಸಿಲಿಗೆ ಎಸೆಯಬೇಕು. ಅವನ ಸಿಟ್ಟಿಗೆ ಕಾರಣವಿತ್ತು. ಎರೆ ಹೊಲಕ್ಕೆ ಕರಿಕೆ ಹೊಕ್ಕಿತೆಂದರೆ ಜೋಳ ಮೇಲೇಳುವುದಿಲ್ಲ, ಹತ್ತಿ ಕಾಯಿ ಕಟ್ಟುವುದಿಲ್ಲ; ನೇಗಿಲು ಹಾಯಿಸಿದರೆ ತುಂಡು ತುಂಡಾಗಿ ಮೊದಲಿಗಿಂತ ಹೆಚ್ಚು ಹಬ್ಬುತ್ತದೆ. ಆಗ ರೈತರು ತಲೆಯ ಮೇಲೆ ಕೈಹೊತ್ತು ಸವಡಿಗೆ ಹೇಳಿ ಕಳಿಸುತ್ತಿದ್ದರು. ಕನಕಪ್ಪ ತನ್ನ ತಂಡ ಕಟ್ಟಿಕೊಂಡು, ಹಾರೆ ಗುದ್ದಲಿ ಹೆಗಲಿಗೇರಿಸಿ, ಮದುವೆಗೆ ಹೊರಟವನ ಹಾಗೆ ಬರುತ್ತಿದ್ದ.

ತಂಡದವರು ಹೊಲದ ಬದುವಿನಲ್ಲಿ ಸಾಲಾಗಿ ನಿಲ್ಲುವರು. ಒಬ್ಬೊಬ್ಬನಿಗೆ ಒಂದೊಂದು ಪಟ್ಟಿ, ಒಬ್ಬ ಎರಡೂ ಕೈ ಚಾಚಿದಷ್ಟು ಅಗಲ. ಈ ಬದುವಿನಿಂದ ಆ ಬದುವಿನವರೆಗೆ ತನ್ನ ಪಟ್ಟಿಯನ್ನು ತಾನೇ ಅಗೆಯಬೇಕು. ಮೊಳಕಾಲು ಮುಳುಗುವಷ್ಟು ಆಳಕ್ಕಿಳಿದು, ಹೆಂಟೆ ಒಡೆದು, ಒಂದು ಗೆಣ್ಣೂ ಉಳಿಯದಂತೆ ಆರಿಸಿ, ಸಂಜೆ ಎಲ್ಲವನ್ನೂ ರಾಶಿ ಮಾಡಿ ಬೆಂಕಿ ಕೊಟ್ಟರೆ ಕೆಲಸ ಮುಗಿದಂತೆ.

"ನಾವು ಅಗದ ಜಾಗಾದಾಗ ಕರಕಿ ಮತ್ತ ತಲಿ ಎತ್ತೂದಿಲ್ರಿ" ಎಂದು ಕನಕಪ್ಪ ಹೇಳಿದರೆ ನರಗುಂದದಿಂದ ಗಜೇಂದ್ರಗಡದವರೆಗೆ ಯಾರೂ ಎರಡು ಮಾತಾಡುತ್ತಿರಲಿಲ್ಲ.

ಈ ಮಾತಿಗೆ ಮಣ್ಣು ಹಾಕುವವನೊಬ್ಬ ತಂಡದ ಒಳಗೇ ಇದ್ದ, ಕನಕಪ್ಪನ ಹೆಂಡತಿ ಮಾಳವ್ವನ ತಮ್ಮ ಹಾಲಸಿದ್ದಪ್ಪ. ಅವನಿಗೆ ಪದ ಹೇಳಲು ಬರುತ್ತಿತ್ತು, ನಗಿಸಲು ಬರುತ್ತಿತ್ತು, ಬುತ್ತಿಯ ಗಂಟು ಎಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳಲು ಬರುತ್ತಿತ್ತು. ಹಾರೆ ಮಾತ್ರ ಗೇಣಿಗಿಂತ ಕೆಳಗೆ ಇಳಿಯುತ್ತಿರಲಿಲ್ಲ. ಮೇಲುಮೇಲಿನ ಮಣ್ಣು ಕೆದರಿ, ಬೇರನ್ನು ಚೂರು ಚೂರು ಮಾಡಿ, ಕಂಡಷ್ಟನ್ನು ಆರಿಸಿ, ಉಳಿದುದರ ಮೇಲೆ ಮಣ್ಣೆಳೆದು, "ನಂದು ಮುಗೀತು ಮಾವ" ಎನ್ನುತ್ತ ಎಲ್ಲರಿಗಿಂತ ಮೊದಲು ಬೇವಿನ ನೆರಳು ಸೇರುತ್ತಿದ್ದ. ಕನಕಪ್ಪ ತನ್ನ ಪಟ್ಟಿ ಮುಗಿಸಿ, ಬಾಯಿ ತುಂಬ ಬೈಯುತ್ತ, ಅವನ ಪಟ್ಟಿಯನ್ನು ಮೊದಲಿಂದ ಅಗೆಯುತ್ತಿದ್ದ.

"ನಿನ್ನ ಬೆನ್ನ ಹಿಂದ ಅಗದ ಅಗದ ನನ್ನ ನಡಾ ಬಾಗಿ ಹೋತೋ ಹಾಲ್ಯಾ!"

"ನೀ ಹಿಂದ ಬರ್ತೀ ಅಂತ ಗೊತ್ತಿದ್ದಕ್ಕ ಮಾವ, ನಾ ಹಿಂಗ ಅಗಿಯೂದು" ಎಂದು ಹಾಲಸಿದ್ದಪ್ಪ ಕಾಲು ಚಾಚುತ್ತಿದ್ದ. ಇಂಥವನನ್ನು ಏನು ಮಾಡುವುದು? ತಂಡದಿಂದ ತೆಗೆಯೋಣವೆಂದರೆ ಮನೆಯಲ್ಲಿ ಮಾಳವ್ವ ಮೂರು ದಿನ ಒಲೆ ಹಚ್ಚುವುದಿಲ್ಲ.

ಹೀಗಿರುವಾಗ ಸರಕಾರದ ಟ್ರ್ಯಾಕ್ಟರು ಬಂತು. ತಂಡವೆಲ್ಲ ಸುಗ್ಗಿಯ ತನಕ ಅಗೆಯುವಷ್ಟು ಹೊಲವನ್ನು ಗುಡುಗುಡು ಎನ್ನುತ್ತ ನಾಲ್ಕು ದಿನದಲ್ಲಿ ಬುಡಮೇಲು ಮಾಡಿ ಹೋಯಿತು. ತಂಡದ ಮಾಳಪ್ಪ ಕುರಿ ಹಿಂದೆ ಹೋದ, ಜಂಗ್ಲಿಸಾಬ ಬಂಡಿ ಹೊಡೆಯತೊಡಗಿದ, ಹಾಲಸಿದ್ದಪ್ಪ ಏನೂ ಮಾಡಲಿಲ್ಲ. ಕನಕಪ್ಪನ ಹಾರೆ ಮೂಲೆಯಲ್ಲಿ ನಿಂತು ತುಕ್ಕು ಹಿಡಿಯುವುದನ್ನು ನೋಡಲಾರದೆ ಮಾಳವ್ವ ಅದನ್ನು ಚೀಲದಲ್ಲಿ ಸುತ್ತಿಟ್ಟಳು.

ಆ ಹೊತ್ತಿಗೆ ರೋಣದಿಂದ ಕರೆ ಬಂತು. ಕರೆದವಳು ಹತ್ತಿ ವ್ಯಾಪಾರಿ ಈಶಪ್ಪನವರ ಹೆಂಡತಿ ಗೌರವ್ವ. ಊರ ಹೊರಗೆ ಹೊಸ ಮನೆ ಕಟ್ಟಿಸಿದ್ದರು. ಮುಂದೆ ಅಗಲವಾದ ಅಂಗಳ, ಮೂಲೆಯಲ್ಲಿ ಸಿಹಿನೀರಿನ ಬಾವಿ. ಶ್ರಾವಣದ ಒಂದು ಬೆಳಿಗ್ಗೆ ಕನಕಪ್ಪ ಹಾರೆಯನ್ನು ತಿಕ್ಕಿ ಬೆಳಗಿಸಿಕೊಂಡೇ ಹೋದ.

"ಕರಕಿ ಎಲ್ಲಿ ಐತ್ರಿ ಅವ್ವಾರ? ಒಂದ ಎಳಿ ಸುದ್ದಾ ಕಾಣವಲ್ದು."

"ಇಲ್ಲ. ಅದಕ್ಕ ಕರಸೀನಿ" ಎಂದಳು ಗೌರವ್ವ. "ಈ ಅಂಗಳದ ತುಂಬ ನೀ ಕರಕಿ ಹಚ್ಚಬೇಕು."

ಕನಕಪ್ಪ ಹಾರೆಯನ್ನು ಗೋಡೆಗೆ ಆನಿಸಿದ. ಅದರ ಎದುರಿಗೆ ಈ ಮಾತು ಬೇಡವಾಗಿತ್ತು ಎನ್ನಿಸಿತು ಅವನಿಗೆ.

ಗೌರವ್ವ ಬಿಡಿಸಿ ಹೇಳಿದಳು. ಧಾರವಾಡದಲ್ಲಿ ಅಕ್ಕನ ಮನೆಗೆ ಹೋದಾಗ ಸಾಹೇಬರೊಬ್ಬರ ಬಂಗಲೆಯ ಮುಂದೆ ಲಾನು ನೋಡಿದ್ದಳು. ಹಸಿರು ಜಮಖಾನೆ ಹಾಸಿದ ಹಾಗೆ ಹುಲ್ಲು. ಅದರ ಮೇಲೆ ಹೆಂಗಸರು ಕೂತು ಚಹಾ ಕುಡಿಯುತ್ತಿದ್ದರು. ಅವತ್ತೇ ಅವಳ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಗಿತ್ತು. ಊರ ಕಟ್ಟೆ ಗಂಡಸರದು, ಚಾವಡಿ ಗಂಡಸರದು, ಗುಡಿಯ ಪೌಳಿಯಲ್ಲಿಯೂ ನೆರಳಿನ ಜಾಗವೆಲ್ಲ ಅವರದೇ. ಹೆಂಗಸರು ಮಾತಾಡಬೇಕೆಂದರೆ ಕೊಡ ಹೊತ್ತು ನಿಂತೇ ಮಾತಾಡಬೇಕು. ರೋಣದಲ್ಲಿ ಒಂದು ಮಹಿಳಾ ಮಂಡಳ ಆಗಬೇಕು, ಅದು ತನ್ನ ಅಂಗಳದ ಹುಲ್ಲಿನ ಮೇಲೆ ಕೂಡಬೇಕು.

ಈಶಪ್ಪನವರಿಗೆ ಆ ಅಂಗಳದಲ್ಲಿ ಹತ್ತಿಯ ಗೋದಾಮು ಕಟ್ಟುವ ಆಸೆ. ಗಂಡಹೆಂಡಿರು ಜಗಳಾಡಿ, ಕೊನೆಗೆ ಒಂದು ಕರಾರಿಗೆ ಬಂದಿದ್ದರು. ಬರುವ ವರ್ಷದ ನಾಗರ ಪಂಚಮಿಯ ದಿನ ಊರ ಹೆಂಗಸರು ಬಂದು ಹುಲ್ಲಿನ ಮೇಲೆ ಕೂತರೆ ಅಂಗಳ ಎಂದೆಂದಿಗೂ ಗೌರವ್ವನದು, ಅದನ್ನು ನೋಡಿಕೊಳ್ಳುವ ಕೆಲಸ ಕಾಯಂ ಕನಕಪ್ಪನದು. ಹುಲ್ಲಿಲ್ಲದಿದ್ದರೆ ಮರುದಿನವೇ ಗೋದಾಮಿಗೆ ಪಾಯ.

"ಅವ್ವಾರ, ಬದನಿ ಹಚ್ಚಂದ್ರ ಹಚ್ತೀನ್ರಿ, ಮಲ್ಲಿಗಿ ಹಚ್ಚಂದ್ರ ಹಚ್ತೀನ್ರಿ. ಕನಕಪ್ಪ ಕರಕಿ ಹಚ್ಚಿದ ಅಂತ ಗೊತ್ತಾದ್ರ ಊರಾಗ ಮಾರಿ ತೋರಸಾಕ ಬರೂದಿಲ್ರಿ ನನಗ."

"ಅದರ ಹಟ ನಿನಗ ಗೊತ್ತು, ನಿನ್ನ ಹಟ ಅದಕ್ಕ ಗೊತ್ತು. ಮತ್ತ್ಯಾರನ್ನ ಕರೀಲಿ?"

ಹೊಗಳಿಕೆಗೆ ಸೋಲದ ಮನುಷ್ಯನುಂಟೆ? ಕನಕಪ್ಪ ಒಪ್ಪಿದ. ಆದರೆ ತಂಡದವರಿಗೆ, "ಸಾವ್ಕಾರ್ರ ಮನ್ಯಾಗ ಹೂವಿನ ಗಿಡಕ್ಕ ನೀರ ಹಾಕ್ತೀನಿ" ಎಂದಷ್ಟೇ ಹೇಳಿದ. ತಮ್ಮನ ಮುಂದೆಯೂ ಬಾಯಿ ಬಿಡಬಾರದೆಂದು ಮಾಳವ್ವನಿಂದ ಆಣೆ ಮಾಡಿಸಿಕೊಂಡ.

ಮೆಣಸಗಿಯ ಹೊಳೆದಂಡೆಯ ಕರಿಕೆಯ ಎಲೆ ಸಣ್ಣ, ಮೆತ್ತಗೆ. ಒದ್ದೆ ಚೀಲದಲ್ಲಿ ಅದರ ಬಳ್ಳಿ ತುಂಬಿಕೊಂಡು ಬಂದು ಗೇಣಿಗೊಂದರಂತೆ ನೆಟ್ಟ. ಯಾವ ಗೆಣ್ಣು ಉಳಿಯಬಾರದೆಂದು ಇಷ್ಟು ವರ್ಷ ಹುಡುಕಿದ್ದನೋ ಅದೇ ಗೆಣ್ಣು ಸಾಯಬಾರದೆಂದು ಬೆರಳಿನಿಂದ ಮಣ್ಣು ಒತ್ತಿದ. ಮೊದಲು ನಾಚಿಕೆಯಾಯಿತು. ಆಮೇಲೆ ಬರೀ ಕುತೂಹಲ. ಬಳ್ಳಿ ಕೈಚಾಚಿ ಪಕ್ಕದ ಬಳ್ಳಿಯನ್ನು ಮುಟ್ಟಿದ ದಿನ ಸವಡಿಯ ದಾರಿಯುದ್ದಕ್ಕೂ ಒಬ್ಬನೇ ನಗುತ್ತ ನಡೆದ. ಬೇಸಿಗೆಯಲ್ಲಿ ಸಂಜೆ ಸಂಜೆ ಬಾವಿ ನೀರು ಸೇದಿ ಹಾಕಿದ. ಉದ್ದವಾದದ್ದನ್ನು ಕುಡಗೋಲಿನಿಂದ ಸಮನಾಗಿ ಸವರಿದ. ಕಣದಲ್ಲಿ ಉರುಳಿಸುವ ಗುಂಡುಕಲ್ಲನ್ನು ಎಳೆದು ನೆಲವನ್ನು ಸಪಾಟು ಮಾಡಿದ.

"ಇಷ್ಟ್ಯಾಕ ಒದ್ದಾಡ್ತೀರಿ? ನಾಕ ಕುರಿ ಬಿಟ್ಟರ ಮಧ್ಯಾಹ್ನದೊಳಗ ಕ್ಷೌರ ಮಾಡತಾವು" ಎಂದಳು ನೋಡಲು ಬಂದ ಮಾಳವ್ವ.

"ಕುರಿ ಹೆಸರ ತಗದ್ರ ನೋಡು! ಚಪ್ಪಲಿ ಬಿಟ್ಟು ಒಂದ ಸಲ ಕಾಲಿಡು."

ಮಾಳವ್ವ ಕಾಲಿಟ್ಟಳು. ಹುಟ್ಟಿದಾಗಿನಿಂದ ಎರೆ ಹೊಲದ ಹೆಂಟೆ, ಜೋಳದ ಕೂಳಿ, ಜಾಲಿಮುಳ್ಳು ತುಳಿದ ಕಾಲು ಅದು. "ಅಯ್ಯ ಶಿವನ, ಕಚಗುಳಿ ಇಡತೈತಿ!" ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಮತ್ತೆ ನಡೆದಳು, ಮತ್ತೆ ನಕ್ಕಳು. ಮದುವೆಯಾದ ಹೊಸದರಲ್ಲಿ ಹೀಗೆ ನಗುತ್ತಿದ್ದಳೆಂದು ಕನಕಪ್ಪನಿಗೆ ನೆನಪಾಯಿತು. ಅಲ್ಲಿಂದ ಮುಂದೆ ಅವನಿಗೆ ಆ ಹುಲ್ಲೆಂದರೆ ಜೀವ.

ಕಾರಹುಣ್ಣಿಮೆ ಮುಗಿದ ವಾರ ಈಶಪ್ಪ, ಗೌರವ್ವ ಇಬ್ಬರೂ ಗದಗಿಗೆ ಮದುವೆಗೆ ಹೋದರು. ಪಂಚಮಿಗೆ ಮೊದಲು ಹುಲ್ಲಿನ ಮೇಲೆ ತೆಳ್ಳಗೆ ಹೊಳೆಯ ಮಣ್ಣು ಉದುರಿಸಿದರೆ ಇನ್ನಷ್ಟು ದಟ್ಟವಾದೀತೆಂದು ಕನಕಪ್ಪ ಬಂಡಿ ಕಟ್ಟಿಕೊಂಡು ಮೆಣಸಗಿಗೆ ಹೊರಟ. ಮನೆಯಲ್ಲಿ ಉಳಿದವಳು ಕೆಲಸದ ಮುದುಕಿ ಉಡಚವ್ವ ಒಬ್ಬಳೇ.

ಅದೇ ದಿನ ಹಳೆಯ ತಂಡದವರಿಗೆ ಕನಕಪ್ಪನ ನೆನಪು ಉಕ್ಕಿತು. ಅವರವರ ಹೊಲದಲ್ಲಿ ಕನಕಪ್ಪ ಪುಕ್ಕಟೆ ದುಡಿದಿದ್ದ. ಒಬ್ಬ ಬಂದು ದುಡಿದರೆ ಅವನ ಕೆಲಸಕ್ಕೆ ಹೋಗಿ ಮುಯ್ಯಿ ತೀರಿಸುವುದು ನಮ್ಮ ಕಡೆಯ ಪದ್ಧತಿ. ಮುಯ್ಯಿ ಹಾಗೇ ಉಳಿದಿದೆ, ಹೋಗಿ ಒಂದು ದಿನ ಕೈಹಚ್ಚಿ ಬರೋಣ ಎಂದು ಹಾರೆ ಗುದ್ದಲಿ ಹೊತ್ತು ರೋಣಕ್ಕೆ ಬಂದರು. ಬಂದು ನೋಡುತ್ತಾರೆ, ಅಂಗಳದ ತುಂಬ ಕರಿಕೆ!

"ಅಯ್ಯಯ್ಯ, ಇದರಾಗ ಒಬ್ಬನ ಸಿಕ್ಕೊಂಡಾನ. ಅದಕ್ಕ ನಮ್ಮ ಮುಂದ ಹೇಳಾಕ ನಾಚಿಕೊಂಡಾನ" ಎಂದ ಜಂಗ್ಲಿಸಾಬ. ಮಾಳಪ್ಪನ ಕಣ್ಣಲ್ಲಿ ನೀರೇ ಬಂತು. ಅವರು ಕನಕಪ್ಪನ ತಂಡದವರು ಎಂದು ಗೊತ್ತಾಗಿ, ಅವನೇ ಕಳಿಸಿರಬೇಕೆಂದುಕೊಂಡು ಉಡಚವ್ವ ಗೇಟು ತೆರೆದಳು. ಸಾಲಾಗಿ ನಿಂತರು, ಗೇಟಿನಿಂದ ಮನೆಯ ಕಟ್ಟೆಯವರೆಗೆ ಒಬ್ಬೊಬ್ಬರು ಒಂದೊಂದು ಪಟ್ಟಿ ಹಿಡಿದರು. ಗೋಡೆಯ ಅಂಚಿಗಿದ್ದ ಮಲ್ಲಿಗೆಗೆ, ಗುಲಾಬಿಗೆ ಒಂದು ಗುದ್ದಲಿಯೂ ತಾಗಲಿಲ್ಲ, ಅಷ್ಟು ಜೋಪಾನ. ಸಂಜೆಗೆ ರಾಶಿ ಹಾಕಿ ಬೆಂಕಿ ಕೊಟ್ಟರು.

ಕನಕಪ್ಪ ಬಂಡಿ ಹೊಡೆದುಕೊಂಡು ಬರುವಾಗ ಆ ವಾಸನೆ ಮೂಗಿಗೆ ಬಡಿಯಿತು. ಜೀವನವೆಲ್ಲ ಅವನು ಹಿಗ್ಗಿನಿಂದ ಮೂಸಿದ ವಾಸನೆ. ಇವತ್ತು ಮಾತ್ರ ಎತ್ತುಗಳನ್ನು ಅವಸರದಿಂದ ಓಡಿಸಿದ. ಗೇಟಿನೊಳಗೆ ಬಂದರೆ ಅಂಗಳ ಕರ್ರಗೆ ಬಾಯಿ ತೆರೆದುಕೊಂಡಿತ್ತು. ಕಟ್ಟೆಯ ಮೇಲೆ ತಂಡದವರು ಕೂತು ಉಡಚವ್ವ ಕೊಟ್ಟ ಚಹಾ ಹೀರುತ್ತಿದ್ದರು.

"ಬಂದ್ಯಾ ಮಾವ? ನೋಡು, ನಿನ್ನ ಮಾನ ಉಳಿಸೇವಿ!" ಎಂದ ಹಾಲಸಿದ್ದಪ್ಪ.

ಕನಕಪ್ಪ ಜಂಗ್ಲಿಸಾಬನ ಪಟ್ಟಿಯಲ್ಲಿ ಕುಕ್ಕರಿಸಿ ಒಂದು ಹೆಂಟೆ ಒಡೆದು ನೋಡಿದ, ಗೆಣ್ಣಿಲ್ಲ. ಮಾಳಪ್ಪನ ಕಡೆ ಹೋಗಿ ಇನ್ನೊಂದು ಒಡೆದ, ಇಲ್ಲ. ಎಷ್ಟು ಚೆನ್ನಾಗಿ ಅಗೆದಿದ್ದರು ಪಾಪಿಗಳು! ತಾನೇ ಕಲಿಸಿದ ಕೆಲಸ, ತಪ್ಪು ಹಿಡಿಯಲು ಒಂದೆಡೆಯೂ ಸಿಗಲಿಲ್ಲ. ಅಲ್ಲಿಗೆ ಅವನ ಎದೆ ಒಡೆಯಿತು. ಮುಂದೆ ನೋಡಲೂ ಇಲ್ಲ, ಮಣ್ಣಿನ ಮೇಲೆಯೇ ಕೂತುಬಿಟ್ಟ.

"ಅದನ್ನ ನಾ ಹಚ್ಚಿದ್ದೆನೋ" ಎಂದ. "ನನ್ನ ಕೈಲೆ ಹಚ್ಚಿದ್ದೆ."

ಕಟ್ಟೆಯ ಮೇಲೆ ಚಹಾದ ಬಸಿಗಳು ನಿಂತಲ್ಲೇ ನಿಂತವು. ಜಂಗ್ಲಿಸಾಬ ಬಸಿ ಕೆಳಗಿಟ್ಟು, "ಒಂದ ಮಾತು ನಮಗ ಹೇಳಬಾರದಾಗಿತ್ತೇನೋ ದೋಸ್ತಾ?" ಎಂದ. ಮಾನ ಉಳಿಸಿಕೊಳ್ಳಲು ಕನಕಪ್ಪ ಮುಚ್ಚಿಟ್ಟ, ಮುಚ್ಚಿಟ್ಟದ್ದಕ್ಕೇ ಹುಲ್ಲು ಕಳೆದುಕೊಂಡ.

ಗದಗಿನಿಂದ ಬಂದ ಗೌರವ್ವ ಅಂಗಳ ನೋಡಿ ಮೆಟ್ಟಿಲ ಮೇಲೆಯೇ ಕುಸಿದಳು. ಕನಕಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿ ತಲೆ ತಗ್ಗಿಸಿ ನಿಂತ.

"ಊರೆಲ್ಲಾ ಕರದು ಬಂದೀನಿ ಕನಕಪ್ಪ. ಒಂದೀಟರೆ ಮತ್ತ ಚಿಗಿಯೂದಿಲ್ಲೇನು?"

"ಇಲ್ರಿ ಅವ್ವಾರ. ನಾವು ಅಗದ ಮ್ಯಾಲ ಬರೂದಿಲ್ರಿ."

ಆ ಮಾತನ್ನು ಅವನು ಸಾವಿರ ಸಲ ಎದೆ ಸೆಟೆಸಿ ಹೇಳಿದ್ದ. ಅಳುತ್ತ ಹೇಳಿದ್ದು ಅದೇ ಮೊದಲು. ಮತ್ತೆ ಮೆಣಸಗಿಗೆ ಹೋಗೋಣವೆಂದರೆ ಹೊಳೆಗೆ ಹೊಸ ನೀರು ಬಂದು ದಂಡೆ ಮುಳುಗಿತ್ತು. ಬೇರೆ ಎಲ್ಲಿಂದಾದರೂ ತಂದು ನೆಟ್ಟರೆ ಅದು ನೆಲ ಮುಚ್ಚುವುದು ದೀಪಾವಳಿಗೆ. ಈಶಪ್ಪನವರು ಅಂಗಳದಲ್ಲಿ ಒಂದು ಸುತ್ತು ಹಾಕಿದರು. "ಪಂಚಮಿ ತನಕ ಅಂಗಳ ನಿಂದ. ನಾ ಏನೂ ಅನ್ನೂದಿಲ್ಲ" ಎಂದರು. ಏನೂ ಅನ್ನದಿದ್ದರೂ ಅವರ ಕಣ್ಣು ಗೋದಾಮಿನ ಬಾಗಿಲು ಎಲ್ಲಿ ಬರಬೇಕೆಂದು ನೋಡುತ್ತಲೇ ಇತ್ತು.

ಆರಿದ್ರಾ ಮಳೆ ಆ ವರ್ಷ ಜಡಿ ಹಿಡಿದು ಹೊಡೆಯಿತು. ಕನಕಪ್ಪ ಮನೆ ಬಿಟ್ಟು ಹೊರಡಲಿಲ್ಲ. ಹೋಗಿ ನೋಡುವುದಾದರೂ ಏನನ್ನು? ಮಳೆ ನಿಂತ ಮೇಲೆ ಮಾಳವ್ವನೇ ಕಂಬಳಿ ಕೈಗಿಟ್ಟು, "ಮಲ್ಲಿಗಿ ಏನ ತಪ್ಪ ಮಾಡೇತಿ? ಅದಕ್ಕರೆ ಒಂದೀಟ ಮಣ್ಣ ಏರಿಸಿ ಬರ್ರಿ" ಎಂದು ನೂಕಿದಳು.

ಕನಕಪ್ಪ ಗೇಟು ತೆರೆದ. ಎಡಕ್ಕೆ ಜಂಗ್ಲಿಸಾಬನ ಪಟ್ಟಿ, ಕಪ್ಪು. ಅದರಾಚೆ ಮಾಳಪ್ಪನದು, ಕಪ್ಪು. ಬಲಕ್ಕೆ ಉಳಿದವರವೆಲ್ಲ ಕಪ್ಪು. ನಡುವೆ, ಗೇಟಿನಿಂದ ಕಟ್ಟೆಯವರೆಗೆ, ಒಬ್ಬ ಎರಡೂ ಕೈ ಚಾಚಿದಷ್ಟು ಅಗಲ, ಗಿಣಿಹಸಿರು. ಒಂದೊಂದು ಚೂರಿನಿಂದಲೂ ಮೊಳಕೆ ಎದ್ದು, ಒಂದನ್ನೊಂದು ತಬ್ಬಿ, ಮೊದಲಿದ್ದುದಕ್ಕಿಂತ ದಟ್ಟವಾಗಿ ಹಬ್ಬಿತ್ತು.

ಕನಕಪ್ಪ ಕಣ್ಣುಜ್ಜಿಕೊಂಡ. ಬಗ್ಗಿ ಬೆರಳಿನಿಂದ ಕೆದರಿದ. ಗೇಣಿನ ಕೆಳಗೆ ಮಣ್ಣು ಗಟ್ಟಿಯಾಗಿಯೇ ಇತ್ತು, ಹಾರೆಯೇ ಮುಟ್ಟಿರಲಿಲ್ಲ. ಇದು ಯಾರ ಕೆಲಸವೆಂದು ಯಾರನ್ನಾದರೂ ಕೇಳಬೇಕೆ? ಇಷ್ಟು ವರ್ಷ ಈ ಕೆಲಸದ ಹಿಂದೆ ಬೈಯುತ್ತ ನಡೆದವನು ಅವನು. ಅವತ್ತೊಂದು ದಿನ ಹಿಂದೆ ಬಂದು ಅಗೆಯಲು ಅವನಿರಲಿಲ್ಲ, ಅಷ್ಟೆ.

"ಹಾಲ್ಯಾ!" ಎಂದು ಕೂಗಿಕೊಂಡ. ಅಂಗಳ ನೋಡಲಾರದೆ ಹಿತ್ತಲ ಬಾಗಿಲಿನಿಂದಲೇ ಓಡಾಡುತ್ತಿದ್ದ ಗೌರವ್ವ ಗಾಬರಿಯಾಗಿ ಹೊರಗೆ ಬರುವಷ್ಟರಲ್ಲಿ ಅವನು ಸವಡಿಯ ದಾರಿ ಹಿಡಿದಾಗಿತ್ತು.

ಹಾಲಸಿದ್ದಪ್ಪ ಊರ ಮುಂದಿನ ಬೇವಿನ ಗಿಡದ ಬುಡದಲ್ಲಿ ಮಲಗಿದ್ದ. ಮಾವ ಕೆಸರು ಸಿಡಿಸುತ್ತ ಓಡಿ ಬರುವುದನ್ನು ನೋಡಿ ದಡಬಡಿಸಿ ಎದ್ದ.

"ಮಾವ, ಹೊಡೀಬ್ಯಾಡ! ಗೇಣಿನ ಕೆಳಗ ಅಗದಿಲ್ಲ ನಾ, ಖರೇ. ಚಹಾ ವಾಸನಿ ಬಂತು, ಬಿಟ್ಟೆ. ಯಾರೂ ನೋಡಿಲ್ಲ ಅಂದಕೊಂಡಿದ್ದೆ!"

ಕನಕಪ್ಪ ಅವನನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿದ. "ನನ್ನಪ್ಪಾ, ನಿನ್ನಂಥ ಮೈಗಳ್ಳ ಮೂರೂ ಲೋಕದಾಗ ಇಲ್ಲೋ! ನಿನ್ನ ಹಾರಿಗೆ ಬೆಳ್ಳಿ ಕಟ್ಟಸ್ತೀನೋ!" ಎಂದು ಸುತ್ತು ತಿರುಗಿಸಿದ. ಹೊಗಳುತ್ತಿದ್ದಾನೋ ಬೈಯುತ್ತಿದ್ದಾನೋ ತಿಳಿಯದೆ ಹಾಲಸಿದ್ದಪ್ಪ ಗಾಳಿಯಲ್ಲೇ ಕಾಲಾಡಿಸಿದ.

ಪಂಚಮಿಯ ದಿನ ಬೀದಿ ಬೀದಿಗೆ ಜೋಕಾಲಿ, ಮನೆ ಮನೆಗೆ ಉಂಡಿ. ತವರಿಗೆ ಬಂದ ಹೆಣ್ಣುಮಕ್ಕಳು, ಅತ್ತೆಯರು, ಮುದುಕಿ ಮೈಮುನಬಿಯ ಕೈಹಿಡಿದು ಮಸೀದಿ ಓಣಿಯವರು, ಎಲ್ಲರೂ ಗೌರವ್ವನ ಗೇಟಿನೊಳಗೆ ಬಂದು ಹಾಗೇ ನಿಂತರು. ಎರಡೂ ಕಡೆ ಕರಿಯ ಮಣ್ಣು, ನಡುವೆ ಒಂದೇ ಒಂದು ಹಸಿರು ಪಟ್ಟಿ. ಕನಕಪ್ಪ ಕಟ್ಟೆಯ ಹತ್ತಿರ ಸರಿದು ನಿಂತ. ಈಶಪ್ಪನವರು ಕಟ್ಟೆಯ ಮೇಲೆ ಕೈಕಟ್ಟಿ ನಿಂತಿದ್ದರು.

ಗೌರವ್ವ ಪಟ್ಟಿಯ ಉದ್ದ ಅಗಲವನ್ನು ಕಣ್ಣಲ್ಲೇ ಅಳೆದಳು. ಆಮೇಲೆ ಸೆರಗು ಸಿಕ್ಕಿಸಿ, ಮದುವೆಮನೆಯಲ್ಲಿ ಕೂಗುವ ದನಿಯಲ್ಲಿ, "ಬರ್ರಿ ಬರ್ರಿ, ಊಟಕ್ಕ ಪಂಕ್ತಿ ಕೂತಂಗ ಕೂಡ್ರಿ! ಒಬ್ಬರ ಬೆನ್ನಿಗೆ ಒಬ್ಬರು, ಈ ಕಡೆ ಒಂದ ಸಾಲು, ಆ ಕಡೆ ಒಂದ ಸಾಲು!" ಎಂದಳು.

ಪಂಕ್ತಿ ಕೂಡುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಬೆನ್ನಿಗೆ ಬೆನ್ನು ಕೊಟ್ಟು ಎರಡು ಸಾಲಾಗಿ, ಗೇಟಿನಿಂದ ಕಟ್ಟೆಯವರೆಗೆ, ಒಬ್ಬ ಹೆಂಗಸೂ ಉಳಿಯದಂತೆ ಹುಲ್ಲಿನ ಮೇಲೆ ಕೂತರು. ಮಾಳವ್ವ ಎಲ್ಲರಿಗೂ ಚಪ್ಪಲಿ ಬಿಡಿ, ಕಾಲೂರಿ ನೋಡಿ ಎಂದು ಹೇಳುತ್ತ ಓಡಾಡಿದಳು. ಮೊದಲ ನಗು ಗೇಟಿನ ಹತ್ತಿರ ಎದ್ದಿತು; ಅದು ಬೆನ್ನಿಂದ ಬೆನ್ನಿಗೆ ದಾಟುತ್ತ ಕಟ್ಟೆಯವರೆಗೂ ಬಂತು. ಮಂಡಳಕ್ಕೆ ಏನು ಹೆಸರಿಡಬೇಕೆಂದು ಮಾತು ಶುರುವಾಯಿತು, ಎಲ್ಲರೂ ಒಟ್ಟಿಗೇ ಮಾತಾಡಿದ್ದರಿಂದ ಏನೂ ತೀರ್ಮಾನವಾಗಲಿಲ್ಲ, ಯಾರಿಗೂ ಬೇಸರವಾಗಲಿಲ್ಲ.

ಈಶಪ್ಪನವರು ಎರಡೂ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿದರು. "ಕೂತ್ರು" ಎಂದರು ಕೊನೆಗೆ. ಪಕ್ಕದಲ್ಲಿದ್ದ ಕನಕಪ್ಪನ ಕಡೆ ತಿರುಗಿ, "ಗೋದಾಮಿಗೆ ಬ್ಯಾರೆ ಜಾಗಾ ನೋಡ್ತೀನಿ. ಉಳದದ್ದನ್ನ ಲಗೂನ ಹಸರ ಮಾಡು, ಅರ್ಧಾ ಮಂದಿ ಕಾಲು ಕೆಸರಾಗ ಅದಾವು" ಎಂದರು.

ಮರುದಿನ ಕನಕಪ್ಪ ಹೇಳಿ ಕಳಿಸಿದ್ದಕ್ಕೆ ತಂಡವೆಲ್ಲ ಬಂತು. ಆ ಹಸಿರು ಪಟ್ಟಿಯಿಂದ ಬಳ್ಳಿ ಕತ್ತರಿಸಿ ಉಳಿದ ಪಟ್ಟಿಗಳಿಗೆ ನೆಡಬೇಕು. ಜಂಗ್ಲಿಸಾಬ, ಮಾಳಪ್ಪ ಎಲ್ಲರೂ ಹಳೆಯ ಚಟಕ್ಕೆ ಬಿದ್ದು ಆಳಕ್ಕೆ ಹಾರೆ ಎತ್ತಿದರು.

"ನಿಂದರ್ರಿ!" ಎಂದ ಕನಕಪ್ಪ. "ಇವತ್ತು ಹಾಲಸಿದ್ದಪ್ಪ ಮುಂದ. ಅಂವ ಹ್ಯಾಂಗ ಅಗೀತಾನ ಎಲ್ಲಾರೂ ಹಂಗ ಅಗೀರಿ."

ಹಾಲಸಿದ್ದಪ್ಪ ಮೀಸೆ ತಿರುವಿ, ಒಂದು ಪದ ಎತ್ತಿ, ಗೇಣುದ್ದ ಮಣ್ಣು ಕೆದರುತ್ತ ಮುಂದೆ ನಡೆದ. ಕನಕಪ್ಪ ಎಂದಿನಂತೆ ಅವನ ಬೆನ್ನ ಹಿಂದೆಯೇ ಇದ್ದ. ಕೈಯಲ್ಲಿ ಹಾರೆ ಇರಲಿಲ್ಲ, ಬಾಯಲ್ಲಿ ಬೈಗುಳ ಇರಲಿಲ್ಲ; ಕೊಡ ಬಗ್ಗಿಸಿ ನೀರು ಹನಿಸುತ್ತ ಹಿಂದೆ ಹಿಂದೆ ಬಂದ.